ಗಾಳಿಗೆ ತಕ್ಕ ಇಂಧನ

ಗಾಳಿಯಿಲ್ಲದೆ ಪೆಟ್ರೋಲು ಉರಿಯದು. ಒಂದು ಗ್ರಾಂ ಪೆಟ್ರೋಲು ಪೂರ್ಣವಾಗಿ ದಹಿಸಲು ಸುಮಾರು 14.7 ಗ್ರಾಂ ಗಾಳಿ ಬೇಕು. ಹಳೆಯ ಕಾರಿನ ಎಂಜಿನ್ನಿಗೆ ಟರ್ಬೋಚಾರ್ಜರನ್ನು ಜೋಡಿಸಿದರೆ, ಅದು ಸಿಲಿಂಡರುಗಳೊಳಗೆ ಮೊದಲಿಗಿಂತ ಹೆಚ್ಚು ಗಾಳಿಯನ್ನು ಒತ್ತಿ ತುಂಬುತ್ತದೆ. ಇಂಧನವನ್ನು ತುಂತುರಾಗಿ ಚಿಮ್ಮಿಸುವ ಹಳೆಯ ಇಂಜೆಕ್ಟರುಗಳು ಆ ಗಾಳಿಗೆ ಸಾಲದೆ ಹೋಗಬಹುದು. ಇಂಧನ ಸಾಲದ ಮಿಶ್ರಣವು ಅಂಕೆತಪ್ಪಿ ಸ್ಫೋಟಿಸಿದರೆ, ಪಿಸ್ಟನ್ನೇ ಕರಗಿ ತೂತಾದೀತು.

ಈ ಕೊರತೆಯನ್ನು ನೀಗಲು, ಗಾಳಿ ಒಳಬರುವ ಕೊಳವೆಯಲ್ಲಿ ಇನ್ನೊಂದು ಇಂಜೆಕ್ಟರನ್ನು ಅಳವಡಿಸುವುದುಂಟು. ಗಾಳಿಯ ಒತ್ತಡ ಏರಿದಾಗ ಮಾತ್ರ ಅದು ಇಂಧನವನ್ನು ಚಿಮ್ಮಿಸುತ್ತದೆ. ಆದರೆ ಆ ಇಂಧನವು ಎಲ್ಲ ಸಿಲಿಂಡರುಗಳಿಗೂ ಸಮನಾಗಿ ಹಂಚಿಹೋಗಬೇಕು. ಒಂದಕ್ಕೆ ಕಡಿಮೆಯಾದರೂ ಅಪಾಯ ತಪ್ಪದು. ಶಕ್ತಿಯನ್ನು ಹೆಚ್ಚಿಸಹೊರಟವನು ಮೊದಲು ಪ್ರಮಾಣವನ್ನು ಅರಿತಿರಬೇಕು.