ಯಾರ ಬರಹಕ್ಕೆ ಯಾರು ಕೈ ಹಾಕಬಹುದು?

ಒಂದು ವರ್ಡ್‌ಪ್ರೆಸ್ ತಾಣ, ಎರಡು ತಂಡ ಅಂದುಕೊಳ್ಳೋಣ. ಶಿವಮೊಗ್ಗದವರು ಶಿವಪ್ಪನಾಯಕನ ಅರಮನೆ, ತುಂಗೆಯ ಬಗ್ಗೆ ಬರೀತಾರೆ. ಭದ್ರಾವತಿಯವರು ಕಬ್ಬಿಣದ ಕಾರ್ಖಾನೆಯ ನಿವೃತ್ತ ಕೆಲಸಗಾರರನ್ನು ಮಾತಾಡಿಸಿ ಬರೀತಾರೆ. ಕಾರ್ಖಾನೆ ಕಟ್ಟೋಕೆ ಶುರುವಾದದ್ದು 1918ರಲ್ಲಿ, ಉತ್ಪಾದನೆ ಶುರುವಾದದ್ದು 1923ರಲ್ಲಿ. ಎರಡು ಇಸವಿ ಕಂಡು ಗೊಂದಲಗೊಂಡ ಶಿವಮೊಗ್ಗದ ಸಂಪಾದಕರು ಒಳ್ಳೇ ಮನಸ್ಸಿಂದಲೇ ಒಂದನ್ನು ಅಳಿಸಿಬಿಡಬಹುದು. ಆಗ ಅಜ್ಜ ಆಡದ ಮಾತು ಅಜ್ಜನ ಹೆಸರಲ್ಲೇ ಪ್ರಕಟವಾಗುತ್ತೆ.

ವರ್ಡ್‌ಪ್ರೆಸ್‌ನ ಸಿದ್ಧ ಪಾತ್ರಗಳು ಇದನ್ನು ತಡೆಯಲ್ಲ. ಆಥರ್‌ಗೆ ತನ್ನ ಬರಹ ಮಾತ್ರ, ಎಡಿಟರ್‌ಗೆ ಎಲ್ಲರದ್ದೂ. ‘ಭದ್ರಾವತಿಯದ್ದು ಮಾತ್ರ’ ಅನ್ನೋ ನಡುವಿನ ಮೆಟ್ಟಿಲನ್ನು ನಾವೇ ಕಟ್ಟಬೇಕು.

ಹಲವರು ಮೊದಲು ಮಾಡೋದು ಬರಹವನ್ನು ಪಟ್ಟಿಯಿಂದ ಮರೆಮಾಡೋದು. ಅದು ಬಾಗಿಲಿಗೆ ಪರದೆ ಕಟ್ಟಿದ ಹಾಗೆ. ಬರಹದ ಸಂಖ್ಯೆ ಗೊತ್ತಿದ್ದವರು ವಿಳಾಸ ಟೈಪ್ ಮಾಡಿ ಒಳಗೆ ಬರ್ತಾರೆ. ಬೀಗ ಹಾಕೋ ಜಾಗ ‘ಮ್ಯಾಪ್ ಮೆಟಾ ಕ್ಯಾಪ್’ ಅನ್ನೋ ಫಿಲ್ಟರ್. ತಿದ್ದುವ ಪುಟವಿರಲಿ, ಕ್ವಿಕ್ ಎಡಿಟ್ ಇರಲಿ, ರೆಸ್ಟ್ ಎಪಿಐ ಇರಲಿ, ‘ಇವರು ಇದನ್ನು ತಿದ್ದಬಹುದಾ?’ ಅನ್ನೋ ಪ್ರಶ್ನೆ ಇಲ್ಲಿಂದಲೇ ಹಾಯಬೇಕು. ಫಿಲ್ಟರ್ ಕೊಡೋದು ನಾಲ್ಕು ಆರ್ಗ್ಯುಮೆಂಟು: ಬೇಕಾದ ಅನುಮತಿಗಳ ಪಟ್ಟಿ, ಕೇಳಿದ ಅನುಮತಿ, ಬಳಕೆದಾರರ ಸಂಖ್ಯೆ, ಬರಹದ ಸಂಖ್ಯೆಯಿರುವ ಅರೇ. (‘ಆಡ್ ಫಿಲ್ಟರ್’ನಲ್ಲಿ 4 ಅಂತ ಹೇಳದಿದ್ದರೆ ಮೊದಲನೆಯದು ಮಾತ್ರ ಸಿಗುತ್ತೆ.)

ಕೇಳಿದ್ದು ‘ಎಡಿಟ್ ಪೋಸ್ಟ್’ ಅಥವಾ ‘ಡಿಲೀಟ್ ಪೋಸ್ಟ್’ ಅಲ್ಲದಿದ್ದರೆ ಪಟ್ಟಿಯನ್ನು ಹಾಗೇ ಹಿಂದಿರುಗಿಸಿ. ಹೌದಾದರೆ ಬರಹದ ಕೆಟಗರಿಯನ್ನು ಯೂಸರ್ ಮೆಟಾದಲ್ಲಿ ಬರೆದಿಟ್ಟ ಊರಿನ ಜೊತೆ ಹೋಲಿಸಿ, ಹೊಂದದಿದ್ದರೆ ಪಟ್ಟಿಗೆ ‘ಡು ನಾಟ್ ಅಲೋ’ ಸೇರಿಸಿ. ಇಷ್ಟೇ, ಹತ್ತಿಪ್ಪತ್ತು ಸಾಲು.

ತೊಡಕಿರೋದು ಅಂಚುಗಳಲ್ಲಿ. ಹೊಸ ಬರಹ ಮೊದಲು ಆಟೋ ಡ್ರಾಫ್ಟ್ ಆಗಿ ಹುಟ್ಟುತ್ತೆ, ಅದಕ್ಕೆ ಕೆಟಗರಿಯೇ ಇರಲ್ಲ. ನಮ್ಮ ಬೀಗ ಅದನ್ನೂ ತಡೆದರೆ ಯಾರೂ ಹೊಸದಾಗಿ ಬರೆಯೋಕಾಗಲ್ಲ. ಹಾಗಾಗಿ ಬರೆದವರು ಅವರೇ ಆಗಿದ್ದರೆ ಮೊದಲೇ ಬಿಟ್ಟುಬಿಡಿ. ‘ಡು ನಾಟ್ ಅಲೋ’ ಅಡ್ಮಿನ್‌ನನ್ನೂ ಹೊರಗಿಡುತ್ತೆ. ‘ಮ್ಯಾನೇಜ್ ಆಪ್ಷನ್ಸ್’ ಅನುಮತಿ ಇದೆಯಾ ಅಂತ ನೋಡಿ ಅವರಿಗೂ ವಿನಾಯಿತಿ ಕೊಡಿ. ಆದರೆ ಫಂಕ್ಷನ್ ಒಳಗೆ ಅದೇ ಬರಹಕ್ಕೆ ‘ಎಡಿಟ್ ಪೋಸ್ಟ್’ ಅಂತ ಮತ್ತೆ ಕೇಳಿದರೆ ಅದು ತನ್ನನ್ನೇ ಕರೆಯುತ್ತಾ ಕೊನೆಯೇ ಇಲ್ಲದೆ ಸುತ್ತುತ್ತೆ. ಊರಿನ ಖಾನೆಯನ್ನು ಬಳಕೆದಾರರೇ ತಮ್ಮ ಪ್ರೊಫೈಲಿನಲ್ಲಿ ಬದಲಿಸೋ ಹಾಗಿದ್ದರಂತೂ ಬೀಗದ ಪಕ್ಕದಲ್ಲೇ ಕೀಲಿ ನೇತುಹಾಕಿದಂತೆ.

ಕೋಡನ್ನು ಥೀಮ್‌ನಲ್ಲಿ ಹಾಕಬೇಡಿ. ಮುಂದಿನ ವರ್ಷದ ತಂಡ ಥೀಮ್ ಬದಲಿಸಿದ ದಿನ ಬೀಗವೂ ಹೋಗುತ್ತೆ. ‘ಮು-ಪ್ಲಗಿನ್ಸ್’ ಫೋಲ್ಡರಿನಲ್ಲಿ ಇಡಿ. ಆಮೇಲೆ ಊರಿಗೊಂದು ಪರೀಕ್ಷಾ ಖಾತೆ ತೆರೆದು, ಶಿವಮೊಗ್ಗದ ಖಾತೆಯಿಂದ ಭದ್ರಾವತಿಯ ಬರಹದ ತಿದ್ದುವ ವಿಳಾಸವನ್ನು ನೇರವಾಗಿ ಟೈಪ್ ಮಾಡಿ ನೋಡಿ.