ಮನೆಯಲ್ಲಿ ನೀರಿನ ಶುದ್ಧೀಕರಣ: ಯಂತ್ರಕ್ಕೆ ಮೊದಲು ಪರೀಕ್ಷೆ

ಹತ್ತೊಂಬತ್ತನೆಯ ಶತಮಾನದಲ್ಲಿ ಬೆಂಗಳೂರಿನ ದಂಡು ಪ್ರದೇಶಕ್ಕೆ ಹಲಸೂರು ಕೆರೆಯು ಕುಡಿಯುವ ನೀರಿನ ಮುಖ್ಯ ಆಸರೆಯಾಗಿತ್ತು. 1890ರ ದಶಕದಲ್ಲಿ ಹೆಸರಘಟ್ಟದ ನೀರು, 1974ರಲ್ಲಿ ಕಾವೇರಿ ನೀರು ನಗರಕ್ಕೆ ಬಂದವು. ಇಂದು ಹಲಸೂರಿನ ನಲ್ಲಿಗಳಿಗೆ ಬರುವುದು ತೊರೆಕಾಡನಹಳ್ಳಿಯಲ್ಲಿ ಸೋಸಿ ಕ್ಲೋರಿನ್ ಬೆರೆಸಿದ ಕಾವೇರಿ ನೀರು. ಕೃಷ್ಣರಾಜಪುರವನ್ನು ದಾಟಿ ಪೂರ್ವಕ್ಕೆ ಸಾಗಿದರೆ ಅನೇಕ ಗ್ರಾಮಗಳು ಆಳವಾದ ಕೊಳವೆಬಾವಿಗಳನ್ನೇ ನಂಬಿವೆ. ಈ ಎರಡು ನೀರುಗಳ ಗುಣ ಬೇರೆ ಬೇರೆ. ಆದರೂ ಎರಡೂ ಕಡೆ ಮಾರಾಟವಾಗುವ ಯಂತ್ರ ಮಾತ್ರ ಒಂದೇ.

ಕಾವೇರಿ ನೀರಿನಲ್ಲಿ ಕರಗಿದ ಲವಣಾಂಶ ಕಡಿಮೆ. ಅಲ್ಲಿ ಅಪಾಯವಿರುವುದು ಸೋರುವ ಕೊಳವೆಯಲ್ಲಿ, ತೊಳೆಯದ ಸಂಪು ಹಾಗೂ ಮೇಲ್ತೊಟ್ಟಿಗಳಲ್ಲಿ. ಸಂಪನ್ನು ಶುಚಿಯಾಗಿಟ್ಟು, ನೀರನ್ನು ಕುದಿಸಿದರೆ ಅಥವಾ ಅತಿನೇರಳೆ ಕಿರಣದ ಸಾಧನ ಬಳಸಿದರೆ ಸಾಕು. ಆರ್‌ಒ ಯಂತ್ರವು ಒಂದು ಲೀಟರ್ ಕೊಡಲು ಸಾಮಾನ್ಯವಾಗಿ ಎರಡು ಮೂರು ಲೀಟರ್ ನೀರನ್ನು ಹೊರಚೆಲ್ಲುತ್ತದೆ. ನೂರು ಕಿಲೋಮೀಟರಿನಷ್ಟು ದೂರದಿಂದ ಪಂಪು ಮಾಡಿ ತಂದ ನೀರಿಗೆ ಇದು ಒಪ್ಪುವ ಮಾತಲ್ಲ.

ಕೊಳವೆಬಾವಿಯ ವಿಷಯ ಹಾಗಲ್ಲ. ಫ್ಲೋರೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಮಕ್ಕಳ ಹಲ್ಲಿನ ಮೇಲೆ ಕಲೆ ಕಂಡಾಗಲೇ ಅದರ ಸುಳಿವು ಸಿಗುವುದು. ಐಎಸ್ 10500 ಮಾನಕದಂತೆ ಲೀಟರಿಗೆ ಫ್ಲೋರೈಡ್ 1.5 ಮಿಲಿಗ್ರಾಂ, ನೈಟ್ರೇಟ್ 45 ಮಿಲಿಗ್ರಾಂ ಮೀರಬಾರದು. ಕೊಟ್ಟಿಗೆ, ಶೌಚಗುಂಡಿಗಳ ಬಳಿಯ ಬಾವಿಗಳಲ್ಲಿ ನೈಟ್ರೇಟ್ ಹೆಚ್ಚಿರುವ ಸಂಭವವಿದ್ದು, ಅದು ಎಳೆಗೂಸುಗಳಿಗೆ ವಿಶೇಷವಾಗಿ ಅಪಾಯಕರ. ಕುದಿಸುವುದರಿಂದ ರೋಗಾಣುಗಳು ಸಾಯುತ್ತವೆಯೇ ಹೊರತು ಇವೆರಡೂ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಇನ್ನಷ್ಟು ಸಾಂದ್ರವಾಗುತ್ತವೆ. ಕ್ಯಾಂಡಲ್ ಫಿಲ್ಟರಾಗಲಿ, ಅತಿನೇರಳೆ ಕಿರಣವಾಗಲಿ ಇವನ್ನು ತೆಗೆಯಲಾರವು. ಇಂತಹ ಕಡೆ ಆರ್‌ಒ ಯಂತ್ರ ಅಥವಾ ಗ್ರಾಮದ ಶುದ್ಧ ಕುಡಿಯುವ ನೀರಿನ ಘಟಕವೇ ದಾರಿ.

ಮಾರಾಟಗಾರರ ಒಂದು ಪ್ರಯೋಗದ ಬಗ್ಗೆ ಸದಸ್ಯರು ಎಚ್ಚರದಿಂದಿರಬೇಕು. ಲೋಟದ ನೀರಿಗೆ ಲೋಹದ ಕಡ್ಡಿಗಳನ್ನಿಳಿಸಿ ವಿದ್ಯುತ್ ಹಾಯಿಸಿದಾಗ ನೀರು ಕಂದುಬಣ್ಣಕ್ಕೆ ತಿರುಗುತ್ತದೆ. ಅದು ನೀರಿನ ಕೊಳೆಯಲ್ಲ, ಕಬ್ಬಿಣದ ಕಡ್ಡಿಯೇ ಕರಗಿ ಬಿಟ್ಟ ತುಕ್ಕು. ಲವಣವಿಲ್ಲದ ಆರ್‌ಒ ನೀರಿನಲ್ಲಿ ವಿದ್ಯುತ್ ಸರಿಯಾಗಿ ಹರಿಯದ ಕಾರಣ ಬಣ್ಣ ಬದಲಾಗುವುದಿಲ್ಲ, ಅಷ್ಟೇ. ಅವರ ಟಿಡಿಎಸ್ ಅಳತೆಕಡ್ಡಿಯೂ ಒಟ್ಟು ಲವಣವನ್ನು ಅಂದಾಜು ಮಾಡುತ್ತದೆಯೇ ಹೊರತು ರೋಗಾಣುವನ್ನಾಗಲಿ ಫ್ಲೋರೈಡನ್ನಾಗಲಿ ಗುರುತಿಸಲಾರದು.

ಯಂತ್ರ ಅಳವಡಿಸುವ ಮನೆಯವರು ಅದರ ತ್ಯಾಜ್ಯ ನೀರಿನ ಕೊಳವೆಯನ್ನು ಬಕೆಟ್ಟಿಗೆ ಬಿಟ್ಟು, ಆ ನೀರನ್ನು ನೆಲ ಒರೆಸಲು, ಶೌಚಾಲಯಕ್ಕೆ ಬಳಸಬಹುದು. ಬಾವಿಯ ಮರುಪೂರಣ ಗುಂಡಿಗೆ ಮಾತ್ರ ಬಿಡಬಾರದು. ಪೊರೆ, ಫಿಲ್ಟರುಗಳನ್ನು ಕಾಲಕಾಲಕ್ಕೆ ಬದಲಿಸದ ಯಂತ್ರ ಇದ್ದೂ ಇಲ್ಲದಂತೆ. ಶುದ್ಧವಾದ ನೀರಿಗೆ ಲೋಟ ಅದ್ದದೆ, ಮುಚ್ಚಳವೂ ನಲ್ಲಿಯೂ ಇರುವ ಪಾತ್ರೆಯನ್ನೇ ಬಳಸುವುದು ಲೇಸು.

ಜಲ ಜೀವನ್ ಮಿಷನ್ ಅಡಿ ಪ್ರತಿ ಗ್ರಾಮದ ಐವರು ಮಹಿಳೆಯರಿಗೆ ಕ್ಷೇತ್ರ ಪರೀಕ್ಷಾ ಕಿಟ್ ಬಳಸುವ ತರಬೇತಿ ನೀಡಲು ಅವಕಾಶವಿದೆ. ಅವರಿಂದ ಮುಂಗಾರಿಗೆ ಮುನ್ನ ಮತ್ತು ನಂತರ ಪ್ರತಿ ಮೂಲವನ್ನೂ ಪರೀಕ್ಷಿಸಿ, ಸಂಶಯವಿರುವ ಮಾದರಿಗಳನ್ನು ಜಿಲ್ಲಾ ಪ್ರಯೋಗಾಲಯಕ್ಕೆ ಕಳುಹಿಸುವುದು ಸೂಕ್ತ. ಫಲಿತಾಂಶವನ್ನು ಕೊಳವೆಬಾವಿವಾರು ಬರೆದು ಪಂಚಾಯಿತಿಯ ಸೂಚನಾ ಫಲಕದಲ್ಲಿ ಹಾಕಿದರೆ, ಯಾವ ಮನೆಗೆ ಯಾವ ಸಾಧನ ಬೇಕೆಂಬುದನ್ನು ಹಣ ಕೊಡುವ ಮೊದಲೇ ಗ್ರಾಮಸ್ಥರು ತಿಳಿಯಬಹುದು.