ದರ ಕೇಳುವ ಮುನ್ನ

ಪ್ರೀತಿಯ ತಂಗಿ,

ಮೊದಲ ಪುಸ್ತಕವನ್ನು ಸ್ವಂತ ದುಡ್ಡಿನಲ್ಲಿ ಅಚ್ಚು ಹಾಕಿಸಲು ಹೊರಟ ನಿನ್ನ ವಯಸ್ಸಿನವರು ಪ್ರೆಸ್ಸಿಗೆ ಫೋನ್ ಮಾಡಿ ಕೇಳುವ ಮೊದಲ ಮಾತು, “ಸಾವಿರ ಪ್ರತಿಗೆ ಎಷ್ಟಾಗುತ್ತೆ ಸರ್?” ಎಂಬುದು. ಪ್ರಶ್ನೆ ಸಹಜವೇ, ಆದರೆ ಅಷ್ಟಕ್ಕೆ ಸರಿಯಾದ ಉತ್ತರ ಯಾವ ಪ್ರೆಸ್ಸಿನವರ ಬಳಿಯೂ ಇರುವುದಿಲ್ಲ. ಎಷ್ಟು ಪುಟ, ಯಾವ ಅಳತೆ, ಯಾವ ಕಾಗದ, ಯಾವ ಬೈಂಡಿಂಗು ಎಂಬುದನ್ನು ನೀನು ಹೇಳದಿದ್ದರೆ ಅವರೇ ಒಂದೊಂದನ್ನೂ ಊಹಿಸಿಕೊಂಡು ಒಂದು ಅಂಕಿ ಹೇಳುತ್ತಾರೆ. ಅಂಗಡಿಯಲ್ಲಿ ಯಾವ ಕಾಗದದ ದಾಸ್ತಾನಿದೆ, ಯಂತ್ರಕ್ಕೆ ಯಾವುದು ಅನುಕೂಲ, ಎಷ್ಟು ಹೇಳಿದರೆ ಆರ್ಡರು ಕೈತಪ್ಪುವುದಿಲ್ಲ ಎಂಬ ಲೆಕ್ಕಗಳೆಲ್ಲ ಆ ಊಹೆಯೊಳಗೆ ಸೇರಿರುತ್ತವೆ. ಇದರಲ್ಲಿ ಮೋಸವೇನಿಲ್ಲ, ನೀನು ಖಾಲಿ ಬಿಟ್ಟ ಜಾಗವನ್ನು ಯಾರಾದರೂ ತುಂಬಲೇಬೇಕಲ್ಲ. ನಾನು ಹೇಳಹೊರಟಿರುವುದು ಇಷ್ಟೇ: ದರ ಕೇಳುವ ಮೊದಲು ಒಂದು ಪುಟದ ವಿವರಪತ್ರ ಬರೆದುಕೋ. ಅದನ್ನು ಬರೆಯದವರ ಪುಸ್ತಕ ಹೇಗಿರಬೇಕೆಂಬುದನ್ನು ಬೇರೆಯವರು ತೀರ್ಮಾನಿಸುತ್ತಾರೆ, ಹಣ ಮಾತ್ರ ಇವರು ಕೊಡುತ್ತಾರೆ.

ಇದಕ್ಕೆ ಮಾದರಿ ಹುಡುಕಿಕೊಂಡು ಎಲ್ಲಿಗೂ ಹೋಗಬೇಕಿಲ್ಲ. ನಿನ್ನ ಕಪಾಟಿನ ಯಾವುದಾದರೂ ಕನ್ನಡ ಪುಸ್ತಕ ತೆಗೆದು ಶೀರ್ಷಿಕೆ ಪುಟದ ಹಿಂಬದಿ ನೋಡು. ಪುಟಗಳು, ಪ್ರತಿಗಳು, ಅಳತೆ: ಡೆಮಿ 1/8, ಬಳಸಿದ ಕಾಗದ: 70 ಜಿಎಸ್‌ಎಂ ಮ್ಯಾಪ್‌ಲಿಥೊ ಎಂದೆಲ್ಲ ಇರುತ್ತದೆ; ಜಿಎಸ್‌ಎಂ ಅಂದರೆ ಒಂದು ಚದರ ಮೀಟರ್ ಕಾಗದದ ತೂಕ, ಗ್ರಾಂ ಲೆಕ್ಕದಲ್ಲಿ. ಕೆಲವದರಲ್ಲಿ ಕಾಗದದ ಮುಂದೆ 18.6 ಕೆ.ಜಿ. ಎಂಬ ಅಂಕಿಯೂ ಕಾಣುತ್ತದೆ. ಓದುಗರು ಕಣ್ಣೆತ್ತಿಯೂ ನೋಡದ ಆ ಅಂಕಿ 23×36 ಇಂಚಿನ ಐನೂರು ಹಾಳೆಗಳ, ಅಂದರೆ ಒಂದು ರೀಮಿನ ತೂಕ. ಅದನ್ನೇ ಹಿಡಿದು ಲೆಕ್ಕ ಹಾಕೋಣ. ಆ ಹಾಳೆಯೊಂದರಲ್ಲಿ ಡೆಮಿ 1/8 ಅಳತೆಯ 32 ಪುಟ ಹಿಡಿಸುತ್ತವೆ. ನಿನ್ನ ಪುಸ್ತಕ 192 ಪುಟದ್ದಾದರೆ ಪ್ರತಿಯೊಂದಕ್ಕೆ ಆರು ಹಾಳೆ, ಸಾವಿರ ಪ್ರತಿಗೆ ಹನ್ನೆರಡು ರೀಮು. 70 ಜಿಎಸ್‌ಎಂ ಆದರೆ ಸುಮಾರು 224 ಕೆ.ಜಿ. ಕಾಗದ, 60 ಆದರೆ ಸುಮಾರು 192. ಹಾಳಾಗುವ ಕಾಗದ ಇದರ ಮೇಲೆ ಬೇರೆ. ಮೂರು ಕಡೆ ಕೊಟೇಶನ್ ತರಿಸಿ ಅಗ್ಗದ್ದನ್ನು ಆರಿಸಿಕೊಂಡೆ ಎಂದು ಸಮಾಧಾನಪಡುವವರಿಗೆ ಆ ಮೂವತ್ತೆರಡು ಕಿಲೋ ಕಾಣುವುದೇ ಇಲ್ಲ. ಕಡಿಮೆ ದರ ಹೇಳಿದವರು ಲಾಭ ಬಿಟ್ಟುಕೊಟ್ಟಿರಬಹುದು, ಕಾಗದ ತೆಳುವಾಗಿಸಿರಲೂಬಹುದು. ಎಲ್ಲರಿಗೂ ಒಂದೇ ವಿವರ ಕೊಟ್ಟಿದ್ದರೆ ಮಾತ್ರ ಅಂಕಿಗಳನ್ನು ಒಂದರ ಪಕ್ಕ ಒಂದಿಟ್ಟು ನೋಡುವುದರಲ್ಲಿ ಅರ್ಥವಿದೆ. ಪ್ರತಿಗಳ ಸಂಖ್ಯೆಯೂ ಹಾಗೆಯೇ. ಆಫ್‌ಸೆಟ್‌ನಲ್ಲಿ ಪ್ಲೇಟಿನ ಖರ್ಚು 300 ಪ್ರತಿಗೂ ಒಂದೇ, 1000ಕ್ಕೂ ಒಂದೇ. ಆದ್ದರಿಂದ ಎರಡು ಸಂಖ್ಯೆಗೆ ಬೇರೆ ಬೇರೆ ದರ ಕೇಳು. ನೂರೋ ಇನ್ನೂರೋ ಪ್ರತಿ ಸಾಕೆಂದರೆ ಪ್ಲೇಟಿಲ್ಲದ ಡಿಜಿಟಲ್ ಮುದ್ರಣದ ದರವನ್ನೂ ಕೇಳಬೇಕು. ಸಾವಿರ ಪ್ರತಿ ಹಾಕಿಸಿ ಎಂಟುನೂರನ್ನು ಅಟ್ಟಕ್ಕೇರಿಸುವುದು ಕನ್ನಡದ ಹೊಸ ಲೇಖಕರಿಗೆ ಸಂಪ್ರದಾಯವೇ ಆಗಿಬಿಟ್ಟಿದೆ.

ಈ ವಿವರಗಳು ಒಂದಕ್ಕೊಂದು ಹೆಣೆದುಕೊಂಡಿರುವುದರಿಂದಲೇ ಬಾಯಿಮಾತು ಸಾಲದು ಎನ್ನುವುದು. ಪುಸ್ತಕವನ್ನು ಸಾಮಾನ್ಯವಾಗಿ 16 ಪುಟಗಳ ಫಾರಂ ಲೆಕ್ಕದಲ್ಲಿ ಅಚ್ಚು ಮಾಡುತ್ತಾರೆ. 192 ಪುಟ ಅಂದರೆ ಸರಿಯಾಗಿ ಹನ್ನೆರಡು ಫಾರಂ. ಕೊನೇ ಗಳಿಗೆಯಲ್ಲಿ ಮುನ್ನುಡಿ ಬೆಳೆದು 196 ಆಯಿತೆನ್ನು, ಆ ನಾಲ್ಕು ಪುಟಕ್ಕೆ ಬೇರೆ ಪ್ಲೇಟು, ಬೇರೆ ಓಟ. ಮುನ್ನುಡಿ ಬರೆಯುವ ಹಿರಿಯರಿಗೆ ಇದನ್ನು ಹೇಳುವ ಧೈರ್ಯ ಯಾರಿಗೂ ಇರುವುದಿಲ್ಲ, ಆದ್ದರಿಂದ ಎರಡು ಪುಟ ಮೊದಲೇ ಉಳಿಸಿಟ್ಟುಕೋ. ಪುಟವೂ ಕಾಗದವೂ ಸೇರಿ ಪುಸ್ತಕದ ಬೆನ್ನಿನ ದಪ್ಪ ಗೊತ್ತಾಗುತ್ತದೆ. 192 ಪುಟವೆಂದರೆ 96 ಎಲೆ. 70 ಜಿಎಸ್‌ಎಂನಲ್ಲಿ ಬೆನ್ನು ಹೆಚ್ಚುಕಡಿಮೆ ಒಂದು ಸೆಂಟಿಮೀಟರ್. ಕಾಗದ ಬದಲಾದರೆ ಬೆನ್ನು ಬದಲಾಗುತ್ತದೆ, ಮೊದಲೇ ಮುಗಿಸಿಟ್ಟ ಮುಖಪುಟದಲ್ಲಿ ಬೆನ್ನಿನ ಹೆಸರು ಜರುಗಿ ಅಂಚಿಗೆ ಬಂದು ಕೂರುತ್ತದೆ. ಅದಕ್ಕೇ ಕಲಾವಿದರಿಗೆ ಮುಖಪುಟದ ಅಳತೆ ಕೊಡುವುದು ಕಾಗದ, ಪುಟಸಂಖ್ಯೆ ಎರಡೂ ಗಟ್ಟಿಯಾದ ಮೇಲೆ. ಸುತ್ತಲೂ 3 ಮಿಲಿಮೀಟರ್ ಬ್ಲೀಡ್, ಅಂದರೆ ಕತ್ತರಿಸಿ ಹೋಗುವ ಅಂಚು, ಬಿಡಲು ಹೇಳು. ಡೆಮಿ 1/8 ಮುಖಪುಟ ತುಂಬುವ ಚಿತ್ರಕ್ಕೆ ಇಂಚಿಗೆ 300 ಚುಕ್ಕಿಯ ಲೆಕ್ಕದಲ್ಲಿ ಅಗಲಕ್ಕೆ 1650, ಎತ್ತರಕ್ಕೆ 2550 ಪಿಕ್ಸೆಲ್ ಬೇಕು, ಬ್ಲೀಡಿಗೆ ಇನ್ನೂ ಸ್ವಲ್ಪ; ವಾಟ್ಸಾಪ್‌ನಲ್ಲಿ ಕುಗ್ಗಿ ಬಂದ ಫೋಟೊ ಮೊಬೈಲಿನಲ್ಲಿ ಚೆಂದ ಕಂಡರೂ ಅಲ್ಲಿಗೆ ಸಾಲದು. ಹಿಂಬದಿಗೆ ಐಎಸ್‌ಬಿಎನ್ ಬೇಕಿದ್ದರೆ ರಾಜಾ ರಾಮಮೋಹನ ರಾಯ್ ರಾಷ್ಟ್ರೀಯ ಏಜೆನ್ಸಿಯಿಂದ ಅದು ಉಚಿತವಾಗಿ ಸಿಗುತ್ತದೆ, ಆದರೆ ಮುಖಪುಟ ಮುಗಿಯುವ ಮುಂಚೆ ಅದು ಕೈಯಲ್ಲಿರಬೇಕು.

ಕನ್ನಡದ ಕೆಲಸಕ್ಕೆ ಇನ್ನೊಂದು ತೊಡಕಿದೆ, ಮತ್ತು ವಿವರಪತ್ರದಲ್ಲಿ ಹೆಚ್ಚಿನವರು ಮರೆಯುವುದು ಇದನ್ನೇ. ನೀನು ಟೈಪ್ ಮಾಡಿರುವುದು ಯೂನಿಕೋಡ್‌ನಲ್ಲಿ. ನಮ್ಮ ಎಷ್ಟೋ ಡಿಟಿಪಿ ಅಂಗಡಿಗಳಲ್ಲಿ ಇನ್ನೂ ನಡೆಯುತ್ತಿರುವುದು 2001ರ 7ನೇ ಆವೃತ್ತಿಗೇ ನಿಂತುಹೋದ ಪುಟವಿನ್ಯಾಸ ತಂತ್ರಾಂಶ ಪೇಜ್‌ಮೇಕರ್. ಅದಕ್ಕೆ ಯೂನಿಕೋಡ್ ಕನ್ನಡ ಅರ್ಥವಾಗುವುದಿಲ್ಲ. ಹಾಗಾಗಿ ನಿನ್ನ ಕಡತವನ್ನು ನುಡಿ, ಶ್ರೀಲಿಪಿಯಂಥ ತಂತ್ರಾಂಶಗಳ ಯೂನಿಕೋಡ್ ಅಲ್ಲದ ಹಳೆಯ ಫಾಂಟಿಗೆ ಪರಿವರ್ತಿಸುತ್ತಾರೆ. ಅಲ್ಲಿ ಅರ್ಕಾವತ್ತು ಜಾಗ ತಪ್ಪಬಹುದು, ರಾಜ್‌ಕುಮಾರ್ ಎಂದು ನೀನು ಬಿಡಿಸಿ ಬರೆದದ್ದು ರಾಜ್ಕುಮಾರ್ ಆಗಬಹುದು, ಫ಼ ಮತ್ತು ಜ಼ದ ಕೆಳಗಿನ ಚುಕ್ಕಿ ಮಾಯವಾಗಬಹುದು. ಇನ್‌ಡಿಸೈನ್ ಬಳಸುವವರಲ್ಲೂ ಭಾರತೀಯ ಲಿಪಿಗೆ ತಕ್ಕ ಕಂಪೋಸರ್ ಆರಿಸದಿದ್ದರೆ ಒತ್ತಕ್ಷರಗಳು ಕಳಚಿಕೊಂಡು ನಿಲ್ಲುತ್ತವೆ. ನೀನು ಮನೆಯಲ್ಲಿ ಮೂರು ಸಲ ಕರಡು ತಿದ್ದಿದ್ದರೂ ಇವು ಆಮೇಲೆ ಹುಟ್ಟಿದ ತಪ್ಪುಗಳು. ಆದ್ದರಿಂದ ಯಾವ ತಂತ್ರಾಂಶ, ಯಾವ ಫಾಂಟು, ಪರಿವರ್ತನೆ ಇದೆಯೋ ಇಲ್ಲವೋ, ಇದ್ದರೆ ಅದಾದ ಮೇಲೆ ಎಷ್ಟು ಕರಡು ಕೊಡುತ್ತಾರೆ, ತಿದ್ದುಪಡಿಗೆ ಬೇರೆ ದುಡ್ಡೇ ಎಂಬುದೆಲ್ಲ ಬರವಣಿಗೆಯಲ್ಲಿರಲಿ. ಜೊತೆಗೆ ನಿನ್ನ ಕಡತದ ಪಿಡಿಎಫ್ ಒಂದನ್ನು, ಫಾಂಟ್ ಅಡಕಮಾಡಿ, ಹೋಲಿಸಿ ನೋಡಲು ಕೊಡು.

ಇಷ್ಟೆಲ್ಲ ನಮಗೇಕೆ, ಮುದ್ರಕರಿಗೆ ನಮಗಿಂತ ಚೆನ್ನಾಗಿ ಗೊತ್ತಿರುತ್ತದೆ ಎಂದು ನೀನು ಹೇಳಬಹುದು. ಗೊತ್ತಿರುತ್ತದೆ, ನಿಜ. ಅವರಿಗೆ ಗೊತ್ತಿರುವುದು ಯಂತ್ರ, ಕಾಗದ, ಶಾಯಿ. ಪುಸ್ತಕ ಯಾರ ಕೈಗೆ ಹೋಗಬೇಕು, ಗ್ರಂಥಾಲಯದಲ್ಲಿ ವರ್ಷಾನುಗಟ್ಟಲೆ ಕೈಬದಲಾಗುತ್ತದೆಯೋ ಸಮಾರಂಭದಲ್ಲಿ ಹಂಚಿ ಮುಗಿಯುತ್ತದೆಯೋ ಎಂಬುದು ನೀನು ಹೇಳದೆ ತಿಳಿಯುವುದಿಲ್ಲ. ಅಂಟಿನ ಬೈಂಡಿಂಗು ಸಾಕೋ ಹೊಲಿಗೆ ಬೇಕೋ ಎನ್ನುವುದು ಇದರ ಮೇಲೇ ನಿಂತಿದೆ. ಉದ್ದೇಶವನ್ನು ಎರಡು ಸಾಲಿನಲ್ಲಿ ಬರೆದು, ಇದಕ್ಕಿಂತ ಒಳ್ಳೆಯ ದಾರಿ ಇದ್ದರೆ ತಿಳಿಸಿ ಎಂದು ಸೇರಿಸಿದರೆ ಅವರ ಅನುಭವಕ್ಕೂ ಜಾಗ ಸಿಗುತ್ತದೆ. ಪ್ರೆಸ್ಸಿನವರು ಪರಿಚಯದವರು, ಬರೆದುಕೊಟ್ಟರೆ ತಪ್ಪು ತಿಳಿದಾರು ಎಂಬ ಸಂಕೋಚ ಇನ್ನೊಂದು. ಜಗಳವಾದರೆ ಹೆಚ್ಚು ಕಳೆದುಕೊಳ್ಳುವುದು ಪರಿಚಯದವರ ನಡುವೆಯೇ ಅಲ್ಲವೇ? ಸಣ್ಣ ಕೆಲಸಕ್ಕೆ ಬರಹವೇಕೆ ಎನ್ನುವವರಿಗೆ ಒಂದು ಮಾತು: ಚುನಾವಣೆಯ ಒಂದು ಹಾಳೆಯ ಕರಪತ್ರಕ್ಕೂ 1951ರ ಜನಪ್ರತಿನಿಧಿ ಕಾಯ್ದೆಯ 127ಎ ಕಲಮಿನ ಪ್ರಕಾರ ಪ್ರಕಾಶಕರ ಸಹಿಯೂ ಇಬ್ಬರ ದೃಢೀಕರಣವೂ ಇರುವ ಘೋಷಣೆ ಮುದ್ರಕರ ಕೈಸೇರಬೇಕು. ಅದರ ಕಾರಣ ಬೇರೆ, ಒಪ್ಪುತ್ತೇನೆ. ಆದರೆ ಅಚ್ಚಿನ ಕೆಲಸದಲ್ಲಿ ಯಾರು ಏನು ಕೇಳಿದರು ಎಂಬುದು ಲಿಖಿತವಾಗಿರುವುದು ಹೊಸ ಸಂಗತಿಯಲ್ಲ. ಇನ್ನು ಪ್ರೂಫ್ ಬಂದಾಗ ಸರಿಮಾಡಿದರಾಯಿತು ಎಂಬ ವಾದವನ್ನು ಒಪ್ಪಲಾರೆ. ಪ್ರೂಫ್‌ನಲ್ಲಿ ಕಾಗುಣಿತ ತಿದ್ದಬಹುದು. ಅಳತೆ ಬದಲಿಸಿದರೆ ಪುಟವೆಲ್ಲ ಮತ್ತೆ ಹರಿದು, ಪರಿವಿಡಿಯಿಂದ ಹಿಡಿದು ಬೆನ್ನಿನವರೆಗೆ ಎಲ್ಲವನ್ನೂ ಮತ್ತೆ ಮಾಡಬೇಕು.

ದಿನಾಂಕದ ವಿಷಯದಲ್ಲಿ, ಬಿಡುಗಡೆಯ ದಿನ ಬರೆಯಬೇಡ, ಪ್ರತಿಗಳು ನಿನ್ನ ಮನೆ ತಲುಪಬೇಕಾದ ದಿನ ಬರೆ. ವರ್ಷದ ಕೊನೆಯಲ್ಲಿ ಕ್ಯಾಲೆಂಡರು, ಡೈರಿಗಳ ಒತ್ತಡವಿರುತ್ತದೆ, ಲಗ್ನದ ಕಾಲದಲ್ಲಿ ಆಹ್ವಾನಪತ್ರಿಕೆಗಳದ್ದು. ಸಾಗಣೆ ಯಾರ ಖರ್ಚು, ಕಟ್ಟಿಗೆ ಎಷ್ಟು ಪ್ರತಿ, ಬೈಂಡಿಂಗ್ ಕೆಟ್ಟ ಪ್ರತಿಗಳನ್ನು ಬದಲಿಸಿಕೊಡುತ್ತಾರೆಯೇ ಎಂಬುದಕ್ಕೆ ಒಂದೊಂದು ಸಾಲು ಸಾಕು. ಕೊನೆಯ ಸಾಲಾಗಿ ಇದನ್ನು ಸೇರಿಸು: ಕೆಲಸ ಮುಗಿದ ಮೇಲೆ ಅಚ್ಚಿಗೆ ಹೋದ ಪಿಡಿಎಫ್, ಪುಟವಿನ್ಯಾಸದ ಮೂಲ ಕಡತ, ಮುಖಪುಟದ ಕಡತ, ಮೂರೂ ನನಗೆ ಸೇರಬೇಕು. ವಿನ್ಯಾಸಕ್ಕೆ ಬೇರೆ ಹಣ ಕೊಡುತ್ತಿದ್ದರೂ ಇದನ್ನು ಮೊದಲೇ ಕೇಳದವರಿಗೆ ಎರಡನೇ ಮುದ್ರಣದ ಹೊತ್ತಿಗೆ ಆ ಕಡತ ಸಿಗುವುದು ಕಷ್ಟ, ಮತ್ತೆ ಮೊದಲಿನಿಂದ ಡಿಟಿಪಿ ಮಾಡಿಸಬೇಕಾಗುತ್ತದೆ.

ಇಂತಿ,
ನಿನ್ನ ಅಣ್ಣ